ಗಂಟಿಲ್ಲದ ಹಗ್ಗದಿಂದ ಜೆ.ಪಿ. ನಗರದ ರೇಷ್ಮೆಗೆ

ಬೆಂಗಳೂರಿನಲ್ಲಿ ನನಗೆ ಮೊಟ್ಟಮೊದಲು ಕಲಿಸಿದ್ದು ಗಂಟು ಹಾಕುವುದನ್ನು. ಜೆ.ಪಿ. ನಗರದ ಎರಡನೇ ಫೇಸಿನಲ್ಲಿ, ಸೋಫಾ ಅಂಗಡಿಯೊಂದರ ಮೇಲಿನ ಎತ್ತರದ ಹಾಲಿನಲ್ಲಿ, ಚಾವಣಿಯ ಕಬ್ಬಿಣದ ತೊಲೆಯಿಂದ ಎರಡು ಸೀಳಾಗಿ ಇಳಿಬಿದ್ದಿದ್ದ ಕೆಂಪು ಬಟ್ಟೆಯ ಮುಂದೆ ನನ್ನನ್ನು ನಿಲ್ಲಿಸಿ ವಿನೀತಾ ಮೇಡಂ ಅಂದರು: "ಫಸ್ಟು ಕಾಲಿಗೆ ಲಾಕ್ ಹಾಕ್ಕೊಳ್ಳಿ. ಬಟ್ಟೆನ ಪಾದಕ್ಕೆ ಸುತ್ತಿ ಗಂಟು ಥರ ಬಿಗಿ ಮಾಡಿ. ಆಮೇಲೆ ಅದೇ ನಿಮ್ಮನ್ನ ಹಿಡ್ಕೊಳ್ಳತ್ತೆ." ನಾನು ಬಟ್ಟೆಯನ್ನು ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಊರಿನಲ್ಲಿ ಇದೇ ಕೆಲಸಕ್ಕೆ ನನಗೆ ಬೆತ್ತದ ಏಟು ಬಿದ್ದಿತ್ತು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗದಗಿನಿಂದ ಒಂದು ತಾಸಿನ ಹಾದಿಯ ಊರು ನನ್ನದು. ಅಲ್ಲಿ ಶಾಲೆಯ ಹಿಂದಿನ ಗರಡಿಯಲ್ಲಿ ಈರಪ್ಪ ಮಾಸ್ತರರು ಹುಡುಗರಿಗೆ ಮಲ್ಲಕಂಬ, ಹುಡುಗಿಯರಿಗೆ ಹಗ್ಗದ ಮಲ್ಲಕಂಬ ಕಲಿಸುತ್ತಿದ್ದರು. ಹಗ್ಗವೆಂದರೆ ಹೆಬ್ಬೆರಳ ಗಾತ್ರದ ನೂಲಿನ ಹಗ್ಗ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಅದನ್ನು ಕಚ್ಚಿ ಹಿಡಿದು ಏರಬೇಕು. ಮೈಗೆ ಸುತ್ತಿಕೊಂಡು ಆಸನ ಹಾಕಬೇಕು, ಕೈಬಿಡಬೇಕು, ತಲೆಕೆಳಗಾಗಬೇಕು. ಆದರೆ ಎಲ್ಲಿಯೂ ಗಂಟು ಬೀಳುವಂತಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಹೆದರಿಕೆಗೆ ಒಮ್ಮೆ ಕಣಕಾಲಿಗೆ ಗಂಟು ಹಾಕಿಕೊಂಡಿದ್ದೆ. ಕೆಳಗಿಳಿಸಿ ಎರಡು ಬಿಗಿದು ಮಾಸ್ತರರು ಹೇಳಿದ್ದರು: "ಗಂಟ ಹಾಕಿದಿ ಅಂದ್ರ ಹಗ್ಗಾ ನಿನ್ನ ಹಿಡಿತೈತಿ, ನೀಲವ್ವಾ. ನೀ ಹಗ್ಗಾ ಹಿಡಿಬೇಕು." ಆಮೇಲೆ ಅವರೇ ನನ್ನ ಕಾಲಿಗೆ ಎಣ್ಣೆ ಹಚ್ಚಿದರು.

ಬೆಂಗಳೂರಿಗೆ ಬಂದದ್ದು ಗೊಟ್ಟಿಗೆರೆಯ ಹತ್ತಿರದ ಖಾಸಗಿ ಶಾಲೆಯೊಂದಕ್ಕೆ ಪಿ.ಟಿ. ಟೀಚರಾಗಿ. ಕೈಯಲ್ಲಿ ಮೊಬೈಲು ಬಂದಿತ್ತು, ಮೆಟ್ರೋ ಇನ್ನೂ ಬಂದಿರಲಿಲ್ಲ. ಮೊದಲ ಮನೆ ಬಿಟಿಎಂ ಲೇಔಟಿನಲ್ಲಿ, ಮೂರನೆಯ ಮಹಡಿಯ ಒಂದು ಕೋಣೆ. ಚಾವಣಿಯಲ್ಲಿ ತೊಟ್ಟಿಲು ಕಟ್ಟುವ ಗಟ್ಟಿ ಕೊಂಡಿಯಿತ್ತು. ಮನೆ ನೋಡಲು ಹೋದಾಗ ನಲ್ಲಿ, ಬಚ್ಚಲು, ಕಿಟಕಿ ಯಾವುದನ್ನೂ ನೋಡದೆ ನಾನು ಒಪ್ಪಿದ್ದು ಆ ಕೊಂಡಿಗೆ. ಬಂದ ವಾರದಲ್ಲೇ ಟ್ರಂಕಿನಿಂದ ಹಗ್ಗ ತೆಗೆದು ಕಟ್ಟಿದೆ. ಒಂದು ಸಂಜೆ ನಾನು ಬಚ್ಚಲಿನಲ್ಲಿದ್ದಾಗ, ನೀರಿನ ಟ್ಯಾಂಕು ನೋಡಲು ಮೇಲೆ ಬಂದ ಓನರ್ ಅಂಕಲ್ಲು ಕಿಟಕಿಯಿಂದ ಆ ಹಗ್ಗ ನೋಡಿಬಿಟ್ಟರು. ಅವರು ಕೂಗಿಕೊಂಡ ಕೂಗಿಗೆ ಎದುರು ಮನೆಯವರೆಲ್ಲ ಮೆಟ್ಟಿಲೇರಿ ಬಂದರು.

"ಮಲ್ಲಕಂಬ ರೀ ಇದು, ಆಟ," ಎಂದು ನಾನು ತಿಳಿಹೇಳಿದೆ. ಅವರಿಗೆ ನನ್ನ ಮಾತೇ ತಿಳಿಯಲಿಲ್ಲ. ತೋರಿಸಿದರೆ ತಿಳಿದೀತೆಂದು ಸರಸರನೆ ಏರಿ, ತಲೆಕೆಳಗಾಗಿ, ಎರಡೂ ಕೈ ಬಿಟ್ಟು ನಕ್ಕೆ. ಓನರ್ ಆಂಟಿ ಅಲ್ಲೇ ಕುಸಿದು ಕೂತರು. ಅಂಕಲ್ಲಿನ ತೀರ್ಪು ಸ್ಪಷ್ಟವಾಗಿತ್ತು: "ನೋಡಮ್ಮ, ನೀನು ಏನೇ ಹೇಳು, ಹಗ್ಗ ಕಟ್ಟೋರಿಗೆ ಮನೆ ಕೊಡಕ್ಕಾಗಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪೊಲೀಸು, ಪೇಪರು ಅಂತ ಯಾರು ಅಲೀತಾರೆ?" ಮರುದಿನ ಬೆಳಿಗ್ಗೆ ಟ್ರಂಕು, ಹಾಸಿಗೆ ಸುರುಳಿಯೊಂದಿಗೆ ನಾನು ಬಸ್‌ಸ್ಟಾಪಿನಲ್ಲಿದ್ದೆ. ಊರಿನಲ್ಲಿ ನಾಗರಪಂಚಮಿಗೆ ನನ್ನ ಹಗ್ಗ ನೋಡಲು ಮಂದಿ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಅದೇ ಹಗ್ಗಕ್ಕೆ ಇಲ್ಲಿ ಮನೆ ಬಿಟ್ಟು ಹೋಗಬೇಕಾಯಿತು.

ಹೀಗೆ ನಾನು ಜರಗನಹಳ್ಳಿ ಸೇರಿದೆ. ಅದು ಹೆಸರಿಗೆ ಹಳ್ಳಿ. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಯಾಗಿ, ಹಿಂದಿನ ದನದ ಕೊಟ್ಟಿಗೆಗೆ ಸಿಮೆಂಟು ಬಳಿದು ಅದರಲ್ಲಿ ಐದು ಮನೆ ಮಾಡಿದ್ದರು. ಒಂದು ನನ್ನದಾಯಿತು. ಕಾಲು ನೀಡಿದರೆ ಪಾದ ಬಾಗಿಲಿಗೆ ತಾಗುತ್ತಿತ್ತು, ಹಾಗಾಗಿ ಮೊಣಕಾಲು ಮಡಚಿ ಮಲಗುವುದನ್ನು ಕಲಿತೆ. ಓನರು ಲಕ್ಷ್ಮಮ್ಮ ಎಂಬ ಗಟ್ಟಿ ಹೆಂಗಸು. ಈ ಸಲ ಬುದ್ಧಿ ಬಂದಿತ್ತು, ಅಡ್ವಾನ್ಸು ಕೊಡುವ ಮೊದಲೇ ಹಗ್ಗದ ವಿಷಯ ಹೇಳಿದೆ. ಲಕ್ಷ್ಮಮ್ಮ ಎಲೆಯಡಿಕೆ ಮೆಲ್ಲುತ್ತ ಹಗ್ಗವನ್ನು ತಿರುಗಿಸಿ ತಿರುಗಿಸಿ ನೋಡಿ, "ಮನೆ ಒಳಗ್ ಬ್ಯಾಡ ಕಣಮ್ಮಿ. ಹಿತ್ಲಲ್ಲಿ ಹುಣ್ಸೇಮರ ಐತೆ, ಅದ್ಕೆ ಕಟ್ಕೊ," ಎಂದರು. ಬೆಂಗಳೂರಿನಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಲಕ್ಷ್ಮಮ್ಮ ಬಸ್ಸಾರು ಮಾಡಿದ ದಿನ ಒಂದು ಬಟ್ಟಲು ಕಳಿಸುತ್ತಿದ್ದರು. ಸೊಪ್ಪು, ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ಸಾರು ಅದು. ಮುದ್ದೆಯ ಜೊತೆ ನುಂಗಬೇಕು. ಜೋಳದ ರೊಟ್ಟಿಯನ್ನು ಅಗಿದು ಬೆಳೆದ ನನಗೆ ನುಂಗಲು ಬರದೆ ಮುದ್ದೆಯನ್ನೂ ಅಗಿದೆ. ಅವರ ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ನಗೆ ನೋಯಿಸಲಿಲ್ಲ. ನೋಯಿಸಿದ್ದು ಶಾಲೆಯ ಸ್ಟಾಫ್‌ರೂಮಿನ ನಗೆ. ನಾನು "ಬರ್ರಿ, ಕೂಡ್ರಿ" ಎಂದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿ, "ನಿಮ್ ಕನ್ನಡ ಕೇಳಕ್ಕೆ ಸಖತ್ ಕಾಮಿಡಿ ಮೇಡಂ, ಇನ್ನೊಂದ್ಸಲ ಹೇಳಿ," ಎನ್ನುತ್ತಿದ್ದರು. ಕನ್ನಡದ ನಾಡಿನಲ್ಲಿ ಕನ್ನಡ ಮಾತಾಡಿ ಕೋಡಂಗಿಯಾಗುವ ಸುಖವನ್ನು ಬೇರೆ ದೇಶಕ್ಕೆ ಹೋದವರೂ ಕಂಡಿರಲಿಕ್ಕಿಲ್ಲ. ಆರು ತಿಂಗಳಲ್ಲಿ ನಾನು "ಬರ್ತೀನಿ, ಹೋಗ್ತೀನಿ" ಶುರು ಮಾಡಿದೆ.

ಶಾಲೆಯ ಡ್ಯಾನ್ಸ್ ಟೀಚರೇ ನನ್ನನ್ನು ಆ ಸೋಫಾ ಅಂಗಡಿಯ ಮೇಲಿನ ಸ್ಟುಡಿಯೋಗೆ ಕರೆದುಕೊಂಡು ಹೋದದ್ದು. ಅಲ್ಲಿ ಬಟ್ಟೆಯ ಮೇಲೆ ಏರಿ ಆಡುವ ನೃತ್ಯ ಕಲಿಸುತ್ತಿದ್ದರು. ಏರಿಯಲ್ ಸಿಲ್ಕ್ ಅನ್ನುತ್ತಾರೆ. ಹೆಸರಿನಲ್ಲಷ್ಟೇ ರೇಷ್ಮೆ, ಬಟ್ಟೆ ಹಿಗ್ಗುವ ನೈಲಾನಿನದು. ವಿನೀತಾ ಮೇಡಂ ಅದನ್ನು ಹೊರದೇಶದಲ್ಲಿ ಕಲಿತು ಬಂದಿದ್ದರು. ಹುಟ್ಟಿ ಬೆಳೆದದ್ದು ಹನುಮಂತನಗರದಲ್ಲಿ. ಮೊದಲ ದಿನ ಆ ಗಂಟಿಗೆ ಹೆದರಿ ಹಿಂದೆ ಸರಿದವಳು, ಲಾಕ್ ಇಲ್ಲದೆಯೇ, ಬೆರಳಸಂದಿಯಲ್ಲಿ ಬಟ್ಟೆ ಕಚ್ಚಿ ತೊಲೆಯವರೆಗೆ ಏರಿ ಇಳಿದೆ. ಇಡೀ ಹಾಲು ಚಪ್ಪಾಳೆ ತಟ್ಟಿತು. ಮೇಡಂ ನನ್ನ ಕೈ ಹಿಡಿದುಕೊಂಡು, "ನೀವು ಫೀಸು ಗೀಸು ಏನೂ ಕೊಡ್ಬೇಡಿ, ಬನ್ನಿ ಸಾಕು," ಎಂದರು. ಫೀಸಿನ ಜೊತೆಗೇ "ನೀವು" ಕೂಡ ಹೋಯಿತು. ಮರುವಾರದಿಂದ ನಾನು "ನೀನು" ಆದೆ, ನೀಲವ್ವ ಹೋಗಿ ನೀಲಾ ಆದೆ.

ಸುಳ್ಳು ಹೇಳಬಾರದು, ಆ ಎರಡು ವರ್ಷ ನಾನು ಸಂತೋಷವಾಗಿದ್ದೆ. ಹಗ್ಗ ಮೈಯನ್ನು ಸುಡುತ್ತದೆ, ಬಟ್ಟೆ ನೇವರಿಸುತ್ತದೆ. ಹಗ್ಗದಲ್ಲಿ ಕ್ಷಣ ಮೈಮರೆತರೆ ಬಿದ್ದೆವು, ಬಟ್ಟೆಯಲ್ಲಿ ಲಾಕ್ ಹಾಕಿಕೊಂಡು ಆರಾಮಾಗಿ ತಲೆಕೂದಲು ಸರಿಮಾಡಿಕೊಳ್ಳಬಹುದು. ನಾನೂ ಲಾಕ್ ಕಲಿತೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಆದರೂ ಒಬ್ಬಳೇ ಇದ್ದಾಗ, ಜರಗನಹಳ್ಳಿಯ ಹುಣಸೆಮರದಲ್ಲಿ, ಗಂಟಿಲ್ಲದೆಯೇ ಏರುತ್ತಿದ್ದೆ. ಭಾನುವಾರದ ಬಟ್ಟೆ ಒಗೆಯುತ್ತ ಲಕ್ಷ್ಮಮ್ಮ ಕೆಳಗಿನಿಂದ, "ಹುಣ್ಸೇಕಾಯಿ ಕೈಗೆ ಸಿಕ್ರೆ ಒಂದ್ ನಾಕು ಉದುರ್ಸು," ಎನ್ನುತ್ತಿದ್ದರು.

ಮೂರನೆಯ ವರ್ಷ, ಮೆಟ್ರೋಗೆಂದು ಜಯನಗರದಲ್ಲಿ ಮರ ಕಡಿಯಲು ತೊಡಗಿದ್ದಾಗ, ಸ್ಟುಡಿಯೋದಿಂದ ದೊಡ್ಡ ಪ್ರದರ್ಶನ ಮಾಡುವುದೆಂದು ಮೇಡಂ ನಿರ್ಧರಿಸಿದರು. ಥೀಮು: ಮನೆ ಬಿಟ್ಟು ಬರುವುದು, ಮನೆ ಮಾಡಿಕೊಳ್ಳುವುದು. ಗುಂಪಿನ ನಾಲ್ಕು ಐಟಂ, ಕೊನೆಯಲ್ಲಿ ಒಬ್ಬರೇ ಮಾಡುವ ಒಂದು. ಎಲ್ಲರೆದುರು ಮೇಡಂ ನನ್ನತ್ತ ತಿರುಗಿದರು. "ಸೋಲೋ ನೀಲಾದು. ಇಲ್ಲಿ ನಿಜವಾಗ್ಲೂ ಊರು ಬಿಟ್ಟು ಬಂದಿರೋಳು ಅವಳೊಬ್ಳೇ. ನಿನ್ ಕಥೆ, ನಿನ್ ಮೂವ್‌ಮೆಂಟು. ನೀನೇ ಆರಿಸ್ಕೊಂಡು ಬಾ."

ಆ ಮಾತು ನನ್ನೊಳಗೆ ಹೇಗೆ ಇಳಿಯಿತೆಂದು ಹೇಳಲಾರೆ. ಮೂವತ್ತೊಂದು ವರ್ಷದ ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಪಿ.ಟಿ. ಮೇಡಂ, ಕಾಮಿಡಿ ಮೇಡಂ, ಹಗ್ಗದ ಹುಡುಗಿ ಎಲ್ಲ ಆಗಿದ್ದೆ. ಈ ಊರು ಮೊದಲ ಸಲ ನನ್ನನ್ನು ಕಾಣಲಿದೆ ಎನ್ನಿಸಿತು.

ಆರಿಸುವ ಕೆಲಸ ಅಂದುಕೊಂಡದ್ದಕ್ಕಿಂತ ಕಷ್ಟವಿತ್ತು. ನಮ್ಮ ಗರಡಿಯಲ್ಲಿ ಥೀಮು ಗೀಮು ಇಲ್ಲ. ಆಸನಕ್ಕೆ ಹೆಸರಿರುತ್ತದೆ, ಹಾಕುತ್ತೇವೆ, ಯಾರು ಹೆಚ್ಚು ಹೊತ್ತು ನಿಂತರೋ ಅವರು ಗಟ್ಟಿ. ಹಾಗಾಗಿ ನಾನು ಮೊದಲು ಆರಿಸಿದ್ದು ನನಗೆ ಗೊತ್ತಿದ್ದುದರಲ್ಲೆಲ್ಲ ಕಠಿಣವಾದ ಒಂಬತ್ತನ್ನು. ಮೇಡಂ ಪೂರ್ತಿ ನೋಡಿ, "ಸಖತ್ತಾಗಿದೆ. ಆದ್ರೆ ಏನ್ ಹೇಳ್ತಿದೀಯಾ? ಇದು ನೀನೆಷ್ಟು ಸ್ಟ್ರಾಂಗು ಅಂತ ಹೇಳತ್ತೆ, ಅಷ್ಟೇ," ಎಂದರು. ಬಿಟಿಎಂ ಮನೆ ಬಿಟ್ಟ ದಿನ ನನ್ನ ಕೈ ಎಲ್ಲಿತ್ತು, ಭುಜ ಹೇಗಿತ್ತು ಎಂದು ಕೇಳಿದರು. ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಆ ಒಂದು ವಿದ್ಯೆ ನಾನು ಕಲಿತದ್ದು ಅವರಿಂದಲೇ, ಇವತ್ತಿನ ಸಿಟ್ಟಿನಲ್ಲೂ ಇಲ್ಲವೆನ್ನಲಾರೆ.

ಒಂಬತ್ತನ್ನೂ ಬಿಟ್ಟು ಹೊಸದಾಗಿ ಹುಡುಕಿದೆ. ಮೂರು ಮೊಳ ಏರಿ ಎರಡು ಮೊಳ ಜಾರುವುದು, ಮತ್ತೆ ಮೂರು ಏರಿ ಎರಡು ಜಾರುವುದು: ಅದು ಬಾಡಿಗೆ ಮನೆ ಹುಡುಕಿದ ಬಗೆ. ನಮ್ಮಲ್ಲಿ ಹಗ್ಗದ ಮೇಲೆ ಮೈಚೆಲ್ಲಿ ಮಲಗುವ ನಿದ್ರಾಸನವಿದೆ. ಅದನ್ನು ಮೊಣಕಾಲು ಮಡಚಿ, ಮುದುಡಿ ಹಾಕಿದೆ. ಅದು ನನ್ನ ಕೊಟ್ಟಿಗೆ ಕೋಣೆ. ನಲ್ಲಿಯಲ್ಲಿ ನೀರು ವಾರಕ್ಕೆರಡೇ ದಿನ, ಉಳಿದ ದಿನ ಲಕ್ಷ್ಮಮ್ಮನ ಬಾವಿಯಿಂದ ಸೇದಬೇಕು. ಅದಕ್ಕೆ, ಇಳಿಬಿದ್ದ ಬಟ್ಟೆಯ ತುದಿಯನ್ನು ಕೈಯಿಂದ ಕೈಗೆ ಸೇದಿ ಮಡಿಲಿಗೆ ತುಂಬಿಕೊಳ್ಳುವುದು. ಬಸ್‌ಸ್ಟಾಪಿನಲ್ಲಿ ಟ್ರಂಕಿನ ಮುಂದೆ ನಿಂತ ಬೆಳಿಗ್ಗೆಗೆ ಏನು ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡೆ. ಅತ್ತಂತೆ, ಮುಖ ಮುಚ್ಚಿಕೊಂಡಂತೆ ಎಲ್ಲ ಮಾಡಿ ನೋಡಿದೆ, ನಾಟಕ ಅನ್ನಿಸಿತು. ಕೊನೆಗೆ ಒಂದು ಭಾನುವಾರ ಹುಣಸೆಮರದಲ್ಲಿ ಹೊಳೆಯಿತು. ಗಂಟಿಲ್ಲ, ಸುತ್ತಿಲ್ಲ. ಒಂದೇ ಕಾಲಿನ ಬೆರಳಸಂದಿಯಲ್ಲಿ ಇಡೀ ಭಾರ, ತಲೆ ಕೆಳಗೆ, ಎರಡೂ ಕೈ ಅಗಲಕ್ಕೆ ಚಾಚಿ ಖಾಲಿ. ಹಿಡಿದುಕೊಳ್ಳಲು ಏನೂ ಇಲ್ಲ, ಆದರೂ ಬಿದ್ದಿಲ್ಲ. ಅವತ್ತು ನಾನಿದ್ದದ್ದು ಹಾಗೆಯೇ.

ಕೊನೆಗೆ ನಿಧಾನ ಇಳಿದು, ಪಾದ ನೆಲದಿಂದ ಒಂದು ಗೇಣು ಮೇಲಿರುವಾಗ ನಿಂತುಬಿಡುವುದು. ದೀಪ ಆರುವವರೆಗೂ ನೆಲ ಮುಟ್ಟುವುದಿಲ್ಲ. ಮೇಡಂ ಅದನ್ನು ಕೊನೆಯವರೆಗೂ ನೋಡಿದರು. ಕಣ್ಣು ಒದ್ದೆಯಾಗಿತ್ತು. ನಾಟಕವಲ್ಲ, ನಿಜವಾಗಿಯೂ ಒದ್ದೆಯಾಗಿತ್ತು.

ಮರುವಾರ ಅಂದರು: "ನೀಲಾ, ಸಿಂಧುಗೂ ಒಂದ್ಸಲ ಹೇಳ್ಕೊಡು. ಬ್ಯಾಕಪ್ ಇರ್ಲಿ."

ಸಿಂಧು ಜಯನಗರ ನಾಲ್ಕನೇ ಬ್ಲಾಕಿನ, ಕಾಲೇಜು ಓದುತ್ತಿದ್ದ ಹುಡುಗಿ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆಂದ ಕಾಲು ಚಾಚುವವಳು, ಒಳ್ಳೆಯ ಮಗು. ನನಗೆ ಅನುಮಾನವೇ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಗರಡಿಯ ಪದ್ಧತಿಯೇ ಬೇರೆ. ಅಲ್ಲಿ ಹೊಸ ಆಸನ ಯಾರಿಗೆ ಒಲಿಯುತ್ತದೋ ಅವರು ಅದೇ ದಿನ ಕೆಳಗಿಳಿದು, ಸಾಲಿನಲ್ಲಿ ಮುಂದೆ ನಿಂತವರಿಗೆ ಕಲಿಸಬೇಕು. ಕಲಿಸದೆ ಮನೆಗೆ ಹೋಗುವಂತಿಲ್ಲ. "ಕಲ್ತದ್ದ ಕಟ್ಟಿಡಬಾರದವಾ, ಕಟ್ಟಿಟ್ರ ಹುಳಾ ಹಿಡಿತೈತಿ," ಎನ್ನುತ್ತಿದ್ದರು ಮಾಸ್ತರರು. ಈ ಮಾತನ್ನು ನಾನೇ ಹೆಮ್ಮೆಯಿಂದ ಸ್ಟುಡಿಯೋದಲ್ಲಿ ಹತ್ತು ಸಲ ಹೇಳಿದ್ದೆ. ಹಾಗಾಗಿ ಆರು ಭಾನುವಾರ ಸಿಂಧುವಿನ ಸೊಂಟ ಹಿಡಿದು, ಹೆಗಲು ಕೊಟ್ಟು, ಒಂದೊಂದನ್ನೂ ಕಲಿಸಿದೆ. ಕೊಟ್ಟಿಗೆ ಕೋಣೆ ಹೇಗಿತ್ತು, ನೀರು ಹೇಗೆ ಸೇದುತ್ತೇವೆ, ಎಲ್ಲ ಬಿಡಿಸಿ ಹೇಳಿದೆ. ನಾಲ್ಕನೇ ಬ್ಲಾಕಿನ ಹುಡುಗಿ ನೀರು ಸೇದಿದ್ದನ್ನು ಕಂಡೇ ಇರಲಿಲ್ಲ. ಜರಗನಹಳ್ಳಿಗೆ ಕರೆದುಕೊಂಡು ಹೋಗಿ ಲಕ್ಷ್ಮಮ್ಮನ ಬಾವಿಯ ರಾಟೆಯನ್ನೂ ತೋರಿಸಿದೆ.

ಬೆರಳ ಹಿಡಿತ ಮಾತ್ರ ಅವಳಿಗೆ ಬರಲಿಲ್ಲ. ಅದಕ್ಕೆ ಬೆರಳ ಸಂದಿ ಚಿಕ್ಕಂದಿನಲ್ಲೇ ಬಿಟ್ಟುಕೊಳ್ಳಬೇಕು, ಅಲ್ಲಿ ಜಡ್ಡು ಕಟ್ಟಬೇಕು. "ಅಕ್ಕ, ಆಗ್ತಿಲ್ಲ, ತುಂಬಾ ಉರಿಯತ್ತೆ," ಎಂದು ಅತ್ತಳು. ನಾನು ಅವಳ ಕಾಲಿಗೆ ಎಣ್ಣೆ ಹಚ್ಚಿದೆ.

ಪ್ರದರ್ಶನಕ್ಕೆ ಎರಡು ವಾರವಿದ್ದಾಗ ಕಾರ್ಯಕ್ರಮದ ಕಿರುಪುಸ್ತಕ ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ಸೋಲೋ ಹೆಸರಿನ ಕೆಳಗೆ: ಪ್ರಸ್ತುತಿ ಸಿಂಧು. ಪರಿಕಲ್ಪನೆ ಮತ್ತು ಸಂಯೋಜನೆ ವಿನೀತಾ. ನನ್ನ ಹೆಸರನ್ನು ಹುಡುಕಲು ಹೊತ್ತು ಹಿಡಿಯಿತು. ದೀಪದವರು, ಧ್ವನಿಯವರು ಆದಮೇಲೆ, ತಾಂತ್ರಿಕ ನೆರವು ಎಂಬಲ್ಲಿ ಇತ್ತು. ನೀಲಾ ಅಂತಷ್ಟೇ.

ಪುಸ್ತಕ ಹಿಡಿದು ಮೇಡಂ ಮುಂದೆ ನಿಂತೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು, ನೀರು ಕೊಟ್ಟರು. ಸಿಟ್ಟು ಮಾಡಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು.

"ಬೇಜಾರ್ ಮಾಡ್ಕೋಬೇಡ ನೀಲಾ. ನಿನ್ ಪಾದ ನೋಡು. ಬೆರಳು ಅಗಲ ಬಿಟ್ಕೊಂಡಿದೆ, ಚೂಪಾಗಿ ಪಾಯಿಂಟ್ ಆಗಲ್ಲ. ಸ್ಟೇಜ್ ಮೇಲೆ ಜನ ಮೊದ್ಲು ನೋಡೋದು ಕಾಲಿನ ಲೈನು. ಸಿಂಧುದು ನೋಡಿದೀಯಲ್ಲ."

"ಮೇಡಂ, ಆ ಪಾದ ಇದ್ದುದಕ್ಕೇ ಅಲ್ವಾ ಆ ಆಸನ ಬಂದಿದ್ದು? ಹೋಗ್ಲಿ, ಅವಳೇ ಮಾಡ್ಲಿ. ಸಂಯೋಜನೆ ಅಂತ ನನ್ ಹೆಸರು ಹಾಕ್ಬಹುದಿತ್ತಲ್ವಾ?"

"ಅಯ್ಯೋ, ಮೂವ್‌ಮೆಂಟ್‌ಗೆಲ್ಲ ಯಾರು ಓನರು? ನೀನೇ ಹೇಳ್ತಿದ್ದೆ, ನಿಮ್ ಮಾಸ್ಟ್ರು ಹೇಳೋರು ಅಂತ. ಕಲ್ತಿದ್ನ ಕಟ್ಟಿಡಬಾರದು ಅಂತ. ಎಷ್ಟು ದೊಡ್ಡ ಮಾತು ಅದು!"

ಅವರು ವ್ಯಂಗ್ಯವಾಡಲಿಲ್ಲ. ಆ ಮಾತನ್ನು ನಿಜವಾಗಿಯೂ ಮೆಚ್ಚಿಕೊಂಡೇ ಅಂದರು. ನಾನು ಪುಸ್ತಕ ಮಡಚಿಕೊಂಡು ಎದ್ದು ಬಂದೆ. ಯಾರಿಗೂ ಹೆಸರು ಬೇಡವಾದರೆ ನಿಮ್ಮ ಹೆಸರೇಕೆ ಅಚ್ಚಾಯಿತು ಎಂದು ಕೇಳಬೇಕೆಂದು ಹೊಳೆದದ್ದು ಕನಕಪುರ ರಸ್ತೆಯ ಬಸ್ಸಿನಲ್ಲಿ. ಅಷ್ಟರಲ್ಲಿ ಸಾರಕ್ಕಿ ದಾಟಿತ್ತು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವುದು ನನ್ನಂಥವರನ್ನು ನೋಡಿಯೇ.

ಬಿಟ್ಟು ಹೋಗಬಹುದಿತ್ತು. ಲಕ್ಷ್ಮಮ್ಮ ಅದನ್ನೇ ಅಂದರು: "ಮುಖಕ್ಕೆ ಉಗ್ದು ಬರೋದ್ ಬಿಟ್ಟು, ಎಣ್ಣೆ ತಿಕ್ಕಕ್ ಹೋಯ್ತೀಯಲ್ಲ!" ಆದರೆ ಬಟ್ಟೆಯ ತುದಿಯನ್ನು ಕೆಳಗೆ ಒಬ್ಬರು ಹಿಡಿದಿರಬೇಕು. ಮೇಲಿನವಳು ಎಲ್ಲಿ ಜಾರುತ್ತಾಳೆ, ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು ಎಂದು ಗೊತ್ತಿದ್ದವರು ಹಿಡಿಯಬೇಕು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಸಿಂಧು ನನ್ನ ಕೈ ಹಿಡಿದು, "ಅಕ್ಕ, ಸಾರಿ ಅಕ್ಕ, ನಂಗೂ ಪ್ರಿಂಟ್ ಆದ್ಮೇಲೇ ಗೊತ್ತಾಗಿದ್ದು. ನೀವಿಲ್ದೆ ನಾನ್ ಹತ್ತಲ್ಲ," ಎಂದಳು. ಹತ್ತೊಂಬತ್ತರ ಹುಡುಗಿ. ಇಪ್ಪತ್ತಡಿ ಮೇಲಿರುವ ಮಗುವಿನ ಮೇಲೆ ಮುನಿಸು ತೀರಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಜಯನಗರದ ಸಭಾಂಗಣ ತುಂಬಿತ್ತು. ಆಟ ನೆಲದ ಮೇಲೆಯೇ, ಮೊದಲ ಸಾಲಿನ ಕುರ್ಚಿಗಳಿಗೆ ತಾಗಿದಂತೆ. ನಾನು ಕಪ್ಪು ಬಟ್ಟೆ ತೊಟ್ಟು, ಆ ಸಾಲಿನ ಪಕ್ಕದ ಕತ್ತಲಲ್ಲಿ, ಮಂಡಿಯೂರಿ ಬಟ್ಟೆಯ ತುದಿ ಹಿಡಿದಿದ್ದೆ. ಮೇಲೆ ನನ್ನ ಬಾಡಿಗೆ ಮನೆ, ನನ್ನ ಕೊಟ್ಟಿಗೆ, ನನ್ನ ನೀರು ಒಂದೊಂದೇ ನಡೆದವು. ಚೆನ್ನಾಗಿಯೇ ಮಾಡಿದಳು. ಬರಿಗೈಯ ಆಸನ ಬಂತು. ಅವಳಿಗೆ ಬೆರಳ ಹಿಡಿತ ಬಾರದ್ದರಿಂದ ಮೇಡಂ ಅಲ್ಲಿ ಲಾಕ್ ಹಾಕಿಸಿದ್ದರು. ಪಾದದ ಗಂಟು ಬಟ್ಟೆಯ ಮಡಿಕೆಯಲ್ಲಿ ಮರೆಯಾಗಿತ್ತು. ಎರಡೂ ಕೈ ಚಾಚಿ ಅವಳು ತೂಗಿದಾಗ ಜನ ಉಸಿರು ಬಿಗಿಹಿಡಿದರು. ಅವಳು ಬೀಳುವ ಸಾಧ್ಯತೆಯೇ ಇರಲಿಲ್ಲ ಎಂದು ಆ ಇಡೀ ಸಭೆಯಲ್ಲಿ ತಿಳಿದಿದ್ದವರು ನಾವು ಮೂವರೇ.

ಕೊನೆಯ ಒಂದು ಗೇಣನ್ನೂ ಬದಲಿಸಿದ್ದರು. ಮೇಲಿನಿಂದ ಸುರುಳಿ ಬಿಚ್ಚಿಕೊಂಡು ಒಮ್ಮೆಲೇ ಕೆಳಗೆ ಬರುವ ಡ್ರಾಪ್, ಆಮೇಲೆ ಎರಡೂ ಪಾದ ನೆಲದ ಮೇಲೆ ಊರಿ, ಕೈ ಎತ್ತಿ, ನಗು. ನನ್ನ ಕಥೆಗೆ ಸುಖಾಂತ ಸಿಕ್ಕಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಸಾಲಿನಲ್ಲಿ ಒಬ್ಬರು ಹಿರಿಯರು ಕಣ್ಣೊರೆಸಿಕೊಂಡು ಹೆಂಡತಿಗೆ, "ಪಾಪ, ಹೊರಗಡೆಯಿಂದ ಬಂದೋರ ಕಷ್ಟ ಎಷ್ಟು ಚೆನ್ನಾಗಿ ತೋರ್ಸಿದಾರೆ ನೋಡು," ಎಂದರು. ಹೊರಗಡೆಯಿಂದ ಬಂದವಳು ಅವರ ಕಾಲ ಬಳಿಯೇ ಬಟ್ಟೆ ಸುತ್ತುತ್ತಿದ್ದೆ. ಅವರ ಚಪ್ಪಲಿಯ ಅಡಿಗೆ ಸಿಕ್ಕ ತುದಿಯನ್ನು ಬಿಡಿಸಿಕೊಳ್ಳಲು, "ಸ್ವಲ್ಪ ಕಾಲೆತ್ತಿ ಸಾರ್," ಎಂದೆ.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಪ್ರದರ್ಶನದ ಸಿ.ಡಿ. ಒಯ್ದೆ. ಯಾಕೆ ಒಯ್ದೆ ಎಂದು ಈಗ ಸ್ಪಷ್ಟವಾಗಿದೆ. ಈರಪ್ಪ ಮಾಸ್ತರರು ನೋಡಿ ಉರಿದುಬೀಳಲಿ, ನನ್ನ ಪರವಾಗಿ ಒಬ್ಬರಾದರೂ ಬೈಯಲಿ ಎಂದು. ಅವರ ಸೋದರಳಿಯನ ಮನೆಯ ಟೀವಿಯ ಮುಂದೆ ಚಾಪೆ ಹಾಸಿ ಕೂತೆವು. ಮಾಸ್ತರರಿಗೆ ಎಪ್ಪತ್ತು ದಾಟಿತ್ತು. ಪೂರ್ತಿ ಮುಗಿಯುವವರೆಗೆ ಕಣ್ಣು ಕೀಳಲಿಲ್ಲ. ಬರಿಗೈಯ ಆಸನ ಬಂದಾಗ ಮಾತ್ರ ಮುಂದೆ ಬಾಗಿ, "ಗಂಟ ಹಾಕ್ಯಾಳ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಮುಗಿದ ಮೇಲೆ ತೊಡೆ ತಟ್ಟಿದರು. "ಭೇಷ್! ಛಲೋ ಮಾಡ್ಯಾಳ ಹುಡುಗಿ. ಕಲಿಸಿದಾಕಿ ನೀನಽ ಹೌದಲ್ಲೋ?"

"ನಾನಽ ರೀ. ಆದ್ರ ನನ್ನ ಹೆಸರಽ ಹಾಕಿಲ್ರಿ ಮಾಸ್ತರ. ಎಲ್ಲಾ ನಂದು, ನಾ ಕಟ್ಟಿದ್ದು. ಕಸಗೊಂಡ್ರು."

ಅವರು, ನಾನು ಯಾವುದೋ ತಿಳಿಯದ ಭಾಷೆಯಲ್ಲಿ ಮಾತಾಡಿದಂತೆ ನೋಡಿದರು. "ಕಸಗೊಂಡ್ರು ಅಂದ್ರ ಹೆಂಗವಾ? ನಿನಗ ಈಗ ಬರೂದಿಲ್ಲೇನು ಅದು?"

"ಬರ್ತೈತ್ರಿ."

"ಮತ್ತೇನ ಹೋತು? ಆಕಿಗೂ ಬಂತು, ನಿನಗೂ ಐತಿ." ಕೆಣಕುವ ಧಾಟಿಯಲ್ಲೇನೂ ಅಲ್ಲ, ಸಹಜವಾಗಿ ಕೇಳಿದರು: "ಅಲ್ಲಿ ನಿನ್ನ ಹೆಸರ ಹಾಕಿದ್ರ, ನನ್ನ ಹೆಸರ ಹಾಕಸತಿದ್ದಿ ಏನು?"

ಸಂಯೋಜನೆ ನೀಲಾ ಎಂದು ಅಚ್ಚಾಗಿರುವುದನ್ನು ನೂರು ಸಲ ಕಲ್ಪಿಸಿಕೊಂಡಿದ್ದೆ. ಅದರಲ್ಲಿ ಒಮ್ಮೆಯೂ ಈರಪ್ಪ ಎಂಬ ಹೆಸರಿರಲಿಲ್ಲ. ಅವರಿಗೆ ಉತ್ತರ ಬೇಕಿರಲಿಲ್ಲ, ಆಗಲೇ ಎದ್ದು ಗರಡಿಗೆ ಹೊರಟಿದ್ದರು. ಎಂಟು ಹುಡುಗಿಯರು ಸಾಲಾಗಿ ಕಾಯುತ್ತಿದ್ದರು. ನನ್ನ ಆ ಆಸನವನ್ನು ಕಲಿಸೆಂದು ಮಾಸ್ತರರು ನನ್ನನ್ನೇ ಮುಂದೆ ನೂಕಿದರು. ಕಲಿಸಿದೆ. ಮೂರನೆಯ ಹುಡುಗಿಗೇ ಅದು ಬಂತು, ಅವಳು ಕೆಳಗಿಳಿದು ನಾಲ್ಕನೆಯವಳಿಗೆ ತೋರಿಸತೊಡಗಿದಳು. ಯಾರೂ ನನ್ನತ್ತ ತಿರುಗಿ ನೋಡಲಿಲ್ಲ. ಅದು ನನಗೆ ನೋವಾಯಿತು, ಆ ನೋವಿಗೆ ನಾಚಿಕೆಯೂ ಆಯಿತು. ಆ ಗರಡಿಯಲ್ಲಿ ಹೆಸರಿಗಾಗಿ ಹಸಿದು ಕೂತವಳು ನಾನೊಬ್ಬಳೇ ಆಗಿದ್ದೆ. ಆ ಹಸಿವು ಬೆಂಗಳೂರಿನದು.

ಜೂನಿನಲ್ಲಿ ಮರಳಿದೆ. ಮೇಡಂ ಫೋನು ಮಾಡಿ, ಹೊಸ ಬ್ಯಾಚಿಗೆ ಟೀಚರಾಗಿ ಬಾ ಎಂದರು. ಬೋರ್ಡಿನಲ್ಲಿ ನನ್ನ ಪೂರ್ತಿ ಹೆಸರು ಇರಬೇಕು ಎಂದೆ. "ಅಷ್ಟೇ ತಾನೇ?" ಎಂದು ನಕ್ಕು ಮರುದಿನವೇ ಬರೆಸಿದರು. ಈಗ ಸೋಫಾ ಅಂಗಡಿಯ ಪಕ್ಕದ ಮೆಟ್ಟಿಲಿನ ಗೋಡೆಯಲ್ಲಿ ನೀಲವ್ವ ಎಂದಿದೆ. ಶಾಲೆಯಲ್ಲಿ ಯಾರೂ ನನ್ನ ಮಾತಿಗೆ ನಗುವುದಿಲ್ಲ, ನಗುವಂಥದ್ದೇನೂ ಅದರಲ್ಲಿ ಉಳಿದಿಲ್ಲ. ಊರಿಗೆ ಹೋದರೆ ಅವ್ವ, "ಏನ್ ಬೆಂಗಳೂರವರಂಗ ಮಾತಾಡ್ತಿಯೇ?" ಎನ್ನುತ್ತಾಳೆ.

ಮೊದಲ ತರಗತಿಯ ದಿನ ನಾನು ಸುಮ್ಮನೆ ಏರಿ, ಎಲ್ಲರೂ ನೋಡಲೆಂದು ಬರಿಗೈಯ ಆಸನ ಹಾಕಿದೆ. ಇಳಿದು ಬಂದಾಗ ಬನಶಂಕರಿ ಕಡೆಯ ಒಬ್ಬ ಹುಡುಗಿ ಕಣ್ಣರಳಿಸಿ ಎದುರು ನಿಂತಿದ್ದಳು. ಚಪ್ಪಲಿಯಿಲ್ಲದೆ ಓಡಾಡಿ ಬೆಳೆದವಳಿರಬೇಕು, ಅವಳ ಪಾದ ಅಗಲವಾಗಿತ್ತು, ಹೆಬ್ಬೆರಳು ಪಕ್ಕದ ಬೆರಳಿನಿಂದ ಚೆನ್ನಾಗಿ ಬಿಟ್ಟುಕೊಂಡಿತ್ತು. ಇಷ್ಟು ವರ್ಷದಲ್ಲಿ ಆ ಹಾಲಿನಲ್ಲಿ ಅಂಥ ಪಾದವನ್ನು ನಾನು ಕಂಡಿರಲಿಲ್ಲ.

"ಅಕ್ಕ, ಲಾಕ್ ಇಲ್ದೇ ಹೆಂಗ್ ಹಿಡ್ಕೊಂಡ್ರಿ? ನಂಗೂ ಹೇಳ್ಕೊಡ್ತೀರಾ?"

ಕಲಿಸಿದ್ದರೆ ಒಂದೇ ವಾರದಲ್ಲಿ ಅವಳಿಗೆ ಬರುತ್ತಿತ್ತು.

"ಮೊದ್ಲು ಲಾಕ್ ಕಲ್ತ್ಕೊ," ಎಂದೆ. "ಅದೆಲ್ಲ ಆಮೇಲೆ ನೋಡೋಣ."